ಧ್ವನಿಮುದ್ರಣವೂ ಅಕ್ಷರಶುದ್ಧಿಯೂ

ಚಲನಚಿತ್ರದಲ್ಲಿ ಒಬ್ಬ ನಟನ ತುಟಿಯ ಚಲನೆಗೆ ಮತ್ತೊಬ್ಬರು ಮಾತು ಕೂಡಿಸುವ ಕಾರ್ಯಕ್ಕೆ ಕನ್ನಡದಲ್ಲಿ 'ಕಂಠದಾನ'ವೆಂಬ ಹೆಸರು ರೂಢಿಗೆ ಬಂದಿದೆ. ಹೆಸರೇನೋ ಇಂಪಾಗಿದೆ, ಆದರೆ ಅದರ ಉತ್ತರಪದವನ್ನು ಅಕ್ಷರಶಃ ಗ್ರಹಿಸತಕ್ಕದ್ದಲ್ಲ. ಇದು ದಾನವಲ್ಲ, ಕಾಯಕ. ಬೆವರು ಕಾಣಿಸದಿದ್ದರೂ ದುಡಿಮೆ ದುಡಿಮೆಯೇ. ಇಂದು ಈ ಕಾಯಕದ ಕ್ಷೇತ್ರವು ಚಲನಚಿತ್ರದ ಎಲ್ಲೆಯನ್ನು ದಾಟಿ ಬಹುದೂರ ಹಬ್ಬಿದೆ. ಜಾಹೀರಾತು, ಸಾಕ್ಷ್ಯಚಿತ್ರ, ಶ್ರವ್ಯಪುಸ್ತಕ, ದೂರದರ್ಶನದ ಧಾರಾವಾಹಿ, ರೈಲು ನಿಲ್ದಾಣದ ಪ್ರಕಟಣೆ, ದೂರವಾಣಿಯಲ್ಲಿ 'ಒಂದನ್ನು ಒತ್ತಿರಿ' ಎನ್ನುವ ಅದೃಶ್ಯ ವ್ಯಕ್ತಿ, ಇವೆಲ್ಲದರ ಹಿಂದೆ ಒಬ್ಬ ಓದುಗನು ಒಂದು ಕಿರುಕೋಣೆಯಲ್ಲಿ ಮೈಕಿನೆದುರು ಕುಳಿತು ಕಾಗದ ನೋಡಿ ಓದಿದ್ದಾನೆ. ಶಾಲೆ ಕಾಲೇಜುಗಳನ್ನು ಮುಗಿಸಿದ ತರುಣ ತರುಣಿಯರಲ್ಲಿ ಅನೇಕರು ಈ ವೃತ್ತಿಯತ್ತ ಆಸೆಗಣ್ಣಿನಿಂದ ನೋಡುತ್ತಿರುವುದು ಸಹಜವೇ. ಅವರು ಕನ್ನಡದ ಅಧ್ಯಾಪಕರ ಬಳಿಗೆ ಬಂದು ಕೇಳುವ ಮೊದಲ ಪ್ರಶ್ನೆ: "ಗುರುಗಳೇ, ನನ್ನ ಧ್ವನಿ ಚೆನ್ನಾಗಿದೆಯೇ?"

ಪ್ರಶ್ನೆಯೇ ಸರಿಯಾದುದಲ್ಲ. ಕಂಠದ ಗಾಂಭೀರ್ಯವಾಗಲಿ ಮಾಧುರ್ಯವಾಗಲಿ ಹುಟ್ಟಿನೊಡನೆ ಬಂದ ಸಂಪತ್ತು. ಅದಕ್ಕೆ ಯಾರನ್ನೂ ಹೊಗಳಬೇಕಾದುದೂ ಇಲ್ಲ, ತೆಗಳಬೇಕಾದುದೂ ಇಲ್ಲ. ಧ್ವನಿಮುದ್ರಣದ ಕೋಣೆಯಲ್ಲಿ ಮೊದಲು ಪರೀಕ್ಷೆಗೊಳಗಾಗುವುದು ಅಕ್ಷರ, ಎರಡನೆಯದು ಉಸಿರು, ಮೂರನೆಯದು ಅರ್ಥಜ್ಞಾನ. ಈ ಮೂರನ್ನೂ ಕಲಿಸಬಲ್ಲ ವಿದ್ಯೆ ಈ ದೇಶದಲ್ಲಿ ಯಂತ್ರಗಳು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಶಾಸ್ತ್ರರೂಪವನ್ನು ತಾಳಿತ್ತು. ಪಾಠಶಾಲೆಗಳಲ್ಲಿ ಅದನ್ನು ದಿನವೂ ಹೇಳಿಕೊಡುತ್ತಿದ್ದರು. ಇಂದಿನ ಶಾಲೆಗಳು ಅದನ್ನು ಕೈಬಿಟ್ಟಿವೆ. ಕೈಬಿಟ್ಟ ಕಾಲದಲ್ಲಿಯೇ ಅದರ ಅಗತ್ಯ ಹಿಂದೆಂದೂ ಇಲ್ಲದಷ್ಟು ಹೆಚ್ಚಿರುವುದು ವಿಪರ್ಯಾಸವೆನ್ನದೆ ವಿಧಿಯಿಲ್ಲ.

ವೇದಾಂಗಗಳು ಆರು, ಅವುಗಳಲ್ಲಿ ಶಿಕ್ಷೆಯೆಂಬುದು ಉಚ್ಚಾರಣೆಯ ಶಾಸ್ತ್ರ. 'ಪಾಣಿನೀಯ ಶಿಕ್ಷೆ'ಯೆಂಬ ಚಿಕ್ಕ ಗ್ರಂಥದಲ್ಲಿ ಅಕ್ಷರವನ್ನು ಹೇಗೆ ನುಡಿಯಬೇಕೆಂಬುದಕ್ಕೆ ಒಂದು ಉಪಮೆಯಿದೆ. ಹೆಣ್ಣುಹುಲಿಯು ತನ್ನ ಮರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಹಿಡಿತ ಬಿಗಿಯಾದರೆ ಮರಿಗೆ ಗಾಯವಾಗುತ್ತದೆ, ಸಡಿಲವಾದರೆ ಮರಿ ಬಿದ್ದುಹೋಗುತ್ತದೆ. ಅಕ್ಷರವನ್ನೂ ಹಾಗೆಯೇ, ಜಜ್ಜದೆ, ಜಾರಿಸದೆ, ಬಾಯಿಂದ ಸಾಗಿಸಬೇಕೆಂಬುದು ಅದರ ತಾತ್ಪರ್ಯ. ಧ್ವನಿಮುದ್ರಣದ ತಂತ್ರಜ್ಞರು ಇಂದು ಹೇಳಿಕೊಡುವುದರಲ್ಲಿ ಅರ್ಧದಷ್ಟು ಈ ಒಂದು ಉಪಮೆಯಲ್ಲಿ ಅಡಗಿದೆ. ಪ, ಫ, ಬ, ಭ ಮೊದಲಾದ ವರ್ಣಗಳನ್ನು ಒತ್ತಿ ನುಡಿದಾಗ ತುಟಿಗಳು ಸಿಡಿದು ಹೊರಡುವ ಗಾಳಿಯ ಗುಂಪು ಮೈಕಿನ ತೆಳುಪೊರೆಗೆ ಬಡಿದು 'ಧಪ್' ಎಂಬ ಸದ್ದು ಮುದ್ರಿತವಾಗುತ್ತದೆ. ಆ ಗಾಳಿಯನ್ನು ಚದುರಿಸಲೆಂದೇ ಮೈಕಿನ ಮುಂದೆ ಬಳೆಯಾಕಾರದ ಚೌಕಟ್ಟಿಗೆ ನೈಲಾನ್ ಬಟ್ಟೆಯನ್ನು ಬಿಗಿದ 'ಪಾಪ್ ಫಿಲ್ಟರ್' ಎಂಬ ತಡೆಯನ್ನು ಇಡುತ್ತಾರೆ. ಬಾಯಿಗೂ ಮೈಕಿಗೂ ಒಂದು ಗೇಣಿನ ಅಂತರವಿರಲೆಂದೂ, ಬಾಯಿ ನೇರವಾಗಿ ಅದಕ್ಕೆ ಎದುರಾಗದೆ ತುಸು ಓರೆಯಾಗಿರಲೆಂದೂ ಹೇಳುತ್ತಾರೆ. ಇವು ಒಳ್ಳೆಯ ಉಪಾಯಗಳೇ. ಆದರೆ ಬಟ್ಟೆಯ ತಡೆಯು ಕಚ್ಚುವ ಹಲ್ಲಿಗೆ ಮದ್ದಾದೀತೇ ಹೊರತು ಜಾರಿಬೀಳುವ ಮರಿಗೆ ಮದ್ದಲ್ಲ. ಬಾಯಿಂದ ಹೊರಡದ ಮಹಾಪ್ರಾಣವನ್ನು ಯಾವ ಯಂತ್ರವೂ ಆಮೇಲೆ ತಂದು ಸೇರಿಸಲಾರದು.

ಅದೇ ಗ್ರಂಥವು ಅಧಮ ಪಾಠಕರು ಆರು ಬಗೆಯೆಂದು ಎಣಿಸುತ್ತದೆ: ರಾಗವೆಳೆದು ಓದುವವನು, ಅವಸರದಿಂದ ಓದುವವನು, ತಲೆಯಲ್ಲಾಡಿಸುತ್ತ ಓದುವವನು, ಬರೆದದ್ದನ್ನು ನೋಡಿಕೊಂಡೇ ಓದುವವನು, ಅರ್ಥವರಿಯದೆ ಓದುವವನು, ಕ್ಷೀಣಕಂಠದವನು. ಮೊದಲ ಎರಡು ದೋಷಗಳು ಯಾವುದೇ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಕಿವಿಗೆ ಬೀಳುತ್ತವೆ, ವಿಸ್ತರಿಸಬೇಕಾಗಿಲ್ಲ. ಮೂರನೆಯದು ಮಾತ್ರ ವಿಚಾರಾರ್ಹ. ತಲೆಯಲ್ಲಾಡಿಸುವುದನ್ನು ಶಾಸ್ತ್ರಕಾರರು ಏಕೆ ನಿಷೇಧಿಸಿದರೆಂದು ಹಿಂದಿನ ವಿದ್ಯಾರ್ಥಿಗಳು ಕೇಳಿದರೆ ಸಭಾಮರ್ಯಾದೆಯ ಕಾರಣವನ್ನು ಹೇಳುವುದು ವಾಡಿಕೆಯಾಗಿತ್ತು. ಧ್ವನಿಮುದ್ರಣದಲ್ಲಿ ಅದಕ್ಕೆ ಪ್ರತ್ಯಕ್ಷ ಕಾರಣವೇ ದೊರಕುತ್ತದೆ. ಸ್ಟುಡಿಯೋಗಳಲ್ಲಿ ಬಳಸುವ ಮೈಕುಗಳು ಸಾಮಾನ್ಯವಾಗಿ ಎದುರಿನ ಧ್ವನಿಯನ್ನು ಹೆಚ್ಚಾಗಿಯೂ ಪಕ್ಕದ್ದನ್ನು ಕಡಿಮೆಯಾಗಿಯೂ ಗ್ರಹಿಸುವಂಥವು. ಬಾಯಿ ಹತ್ತಿರ ಬಂದಷ್ಟೂ ಮಂದ್ರದ ಅಂಶ ಅವುಗಳಲ್ಲಿ ಉಬ್ಬುತ್ತದೆ. ಓದುವವನು ವಾಕ್ಯದ ನಡುವೆ ತಲೆಯನ್ನು ಮೂರು ಬೆರಳಿನಷ್ಟು ಆಚೀಚೆ ಸರಿಸಿದರೂ ಒಂದೇ ವಾಕ್ಯವು ಇಬ್ಬರು ಮನುಷ್ಯರು ಹಂಚಿಕೊಂಡು ಓದಿದಂತೆ ಕೇಳಿಸುತ್ತದೆ.

ನಾಲ್ಕನೆಯ ದೋಷವು ಈ ವೃತ್ತಿಯ ಬುಡವನ್ನೇ ಅಲ್ಲಾಡಿಸುವಂತೆ ತೋರುತ್ತದೆ. ಲಿಖಿತವನ್ನು ನೋಡಿ ಓದುವವನು ಅಧಮನೆಂದಾದರೆ ಕಂಠದಾನ ಕಲಾವಿದರೆಲ್ಲರೂ ಅಧಮರೇ ಆಗಬೇಕಾಯಿತಲ್ಲ! ಆದರೆ ಆ ನಿಂದೆ ಕಾಗದಕ್ಕೆ ಸಲ್ಲತಕ್ಕದ್ದಲ್ಲ, ಕಾಗದಕ್ಕೆ ದಾಸನಾದ ಕಣ್ಣಿಗೆ ಸಲ್ಲತಕ್ಕದ್ದು. ಒಂದೊಂದು ಪದವನ್ನೂ ಕಂಡೊಡನೆ ನುಡಿಯುವವನ ದನಿಯಲ್ಲಿ ಮುಂದೇನು ಬರುವುದೆಂಬ ಅರಿವಿರುವುದಿಲ್ಲ. ಬಲ್ಲವನ ಕಣ್ಣು ಬಾಯಿಗಿಂತ ನಾಲ್ಕಾರು ಪದ ಮುಂದೆ ನಡೆಯುತ್ತಿರುತ್ತದೆ. ನುರಿತ ಕಲಾವಿದರು ಮುದ್ರಣಕ್ಕೆ ಮೊದಲು ಪಾಠವನ್ನು ಮೂರು ಬಾರಿಯಾದರೂ ಓದಿ, ಉಸಿರು ತೆಗೆದುಕೊಳ್ಳತಕ್ಕ ಸ್ಥಳಗಳಿಗೆ ಓರೆಗೆರೆ ಎಳೆದು, ಅಂಕಿಗಳನ್ನು ಅಕ್ಷರದಲ್ಲಿ ಬರೆದುಕೊಂಡು, ವ್ಯಕ್ತಿನಾಮ ಸ್ಥಳನಾಮಗಳ ಉಚ್ಚಾರಣೆಯನ್ನು ವಿಚಾರಿಸಿ ತಿಳಿದಿರುತ್ತಾರೆ. ಹಾಗೆ ಸಿದ್ಧನಾದವನ ಮುಂದೆ ಕಾಗದವಿದ್ದರೂ ಕೇಳುವವರಿಗೆ ಅದು ಕಾಣುವುದಿಲ್ಲ.

ಐದನೆಯದಾದ ಅರ್ಥವರಿಯದ ಓದು ಕನ್ನಡದಲ್ಲಿ ವಿಶೇಷ ಅಪಾಯಕರ. ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಬರುತ್ತದೆ. ಹೌದು ಅಲ್ಲಗಳೂ ಕೊನೆಯಲ್ಲಿಯೇ ತೀರ್ಮಾನವಾಗುತ್ತವೆ. 'ಈ ಔಷಧಿಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳ' ಎಂಬಲ್ಲಿಗೆ ಉಸಿರು ಮುಗಿದು ಧ್ವನಿ ನೆಲ ಕಚ್ಚಿದರೆ, ಮುಂದಿನದು 'ಬೇಕು' ಎಂದೋ 'ಬಾರದು' ಎಂದೋ ಕೇಳುವವನು ಊಹಿಸಬೇಕು. ಇಂಗ್ಲಿಷಿನ ಓದುಗನು ವಾಕ್ಯದ ಬಾಲವನ್ನು ಸಡಿಲಬಿಟ್ಟರೂ ಕ್ರಿಯಾಪದವು ಮೊದಲೇ ದಾಟಿಹೋಗಿರುತ್ತದೆ. ಆ ಸೌಲಭ್ಯ ಕನ್ನಡದವನಿಗಿಲ್ಲ. ಇಂಗ್ಲಿಷ್ ಓದಿನ ಏರಿಳಿತವನ್ನೇ ಕನ್ನಡ ವಾಕ್ಯಕ್ಕೆ ತೊಡಿಸುವ ಜಾಹೀರಾತುಗಳು ಇಂದು ಹೇರಳವಾಗಿವೆ. ಅವುಗಳಲ್ಲಿ ವಾಕ್ಯದ ಮೊದಲರ್ಧವು ಕೂಗುತ್ತದೆ, ಕೊನೆಯರ್ಧವು ಗೊಣಗುತ್ತದೆ.

ಆರನೆಯ ದೋಷವನ್ನು, ಅಂದರೆ ಕ್ಷೀಣಕಂಠವನ್ನು, ಯಂತ್ರವು ಪರಿಹರಿಸಿತೆಂದು ಹೇಳುವುದುಂಟು. ಇದು ಅರ್ಧಸತ್ಯ. ಪಿಸುಮಾತನ್ನೂ ಯಂತ್ರದಿಂದ ಹಿಗ್ಗಿಸಬಹುದು, ನಿಜ. ಆದರೆ ಹಿಗ್ಗಿಸುವಾಗ ಕೋಣೆಯ ಫ್ಯಾನಿನ ಸದ್ದು, ಹೊರಗಿನ ವಾಹನದ ಗುಡುಗು ಎಲ್ಲವೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಶ್ರವ್ಯಪುಸ್ತಕಗಳಿಗಾಗಿ ಎ.ಸಿ.ಎಕ್ಸ್. ಎಂಬ ಸಂಸ್ಥೆಯು ವಿಧಿಸಿರುವ ನಿಯಮದಲ್ಲಿ ಧ್ವನಿಯ ಶಿಖರವು ಋಣ 3 ಡೆಸಿಬಲ್‌ಗಿಂತ ಮೇಲೇರಕೂಡದು, ಮಾತಿಲ್ಲದಾಗಿನ ಹಿನ್ನೆಲೆಯ ಸದ್ದು ಋಣ 60 ಡೆಸಿಬಲ್‌ಗಿಂತ ಕೆಳಗಿರಬೇಕು. ಕ್ಷೀಣಕಂಠದವನು ಈ ಎರಡನೆಯ ಗೆರೆಯಲ್ಲಿಯೇ ಎಡವುತ್ತಾನೆ.

ಕನ್ನಡದ ಅಕ್ಷರಗಳ ವಿಷಯಕ್ಕೆ ಬಂದರೆ ಸಂಕಟ ಹೆಚ್ಚು. ಹಕ್ಕಿ ಅಕ್ಕಿಯಾಗುತ್ತಿದೆ, ಹಳ್ಳಿ ಹಲ್ಲಿಯಾಗುತ್ತಿದೆ, ಬೆಳೆ ಬೆಲೆಯಾಗುತ್ತಿದೆ. ಒತ್ತಕ್ಷರದ ಅಂಕೆ ತಪ್ಪಿದ ನಾಲಗೆಯಲ್ಲಿ ಕತೆಗೂ ಕತ್ತೆಗೂ ಅಂತರ ಉಳಿಯದು. ಶ, ಷ, ಸಗಳು ಒಂದೇ ಸೀಟಿಯಾಗಿವೆ. 'ಫಲ'ದ ಫಕಾರವು ಓಷ್ಠ್ಯ ಮಹಾಪ್ರಾಣವೆಂಬುದನ್ನು ಮರೆತು ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ಇಂಗ್ಲಿಷ್ ವರ್ಣವನ್ನು ಉಸುರುವವರು ವಿದ್ಯಾವಂತರಲ್ಲಿಯೇ ಹೆಚ್ಚು. ಬೀದಿಯ ಮಾತಿನಲ್ಲಿ ಇವು ಗಾಳಿಗೆ ಹಾರಿಹೋಗುತ್ತಿದ್ದವು. ಮುದ್ರಣದಲ್ಲಿ ಉಳಿಯುತ್ತವೆ, ಸಾವಿರ ಸಲ ಮರುಕಳಿಸುತ್ತವೆ.

ಇಲ್ಲಿ ಒಂದು ಅಪಾರ್ಥಕ್ಕೆ ಎಡೆಗೊಡಬಾರದು. ಅಕ್ಷರಶುದ್ಧಿಯೆಂದರೆ ಮೈಸೂರು ಸೀಮೆಯ ಉಚ್ಚಾರಣೆಯೆಂದು ತಿಳಿಯುವವರಿದ್ದಾರೆ. ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ತರುಣರಿಗೆ ಸ್ಟುಡಿಯೋಗಳಲ್ಲಿ 'ನಿಮ್ಮ ಭಾಷೆಯನ್ನು ಮೊದಲು ತಿದ್ದಿಕೊಂಡು ಬನ್ನಿ' ಎಂದು ಹೇಳುವುದು, ಹಾಸ್ಯಪಾತ್ರವೊಂದು ಬಂದಾಗ ಮಾತ್ರ ಅದೇ ಭಾಷೆಗಾಗಿ ಕರೆಕಳುಹಿಸುವುದು ನ್ಯಾಯವಲ್ಲ. ಪ್ರಾಂತಭೇದ ದೋಷವಲ್ಲ, ಆಲಸ್ಯ ದೋಷ. ಉತ್ತರದ ನುಡಿಗೆ ತನ್ನದೇ ಆದ ಲಯವಿದೆ, ಬಿಗಿಯಿದೆ. ಕೃಷಿಯ ಸಾಕ್ಷ್ಯಚಿತ್ರವೊಂದನ್ನು ಜೋಳದ ಸೀಮೆಯ ರೈತರಿಗಾಗಿ ನಿರೂಪಿಸುವಾಗ ಆ ಸೀಮೆಯ ದನಿಯೇ ಅಲ್ಲಿಗೆ ಶೋಭೆ. ಗ್ರಾಂಥಿಕ ಪಾಠವನ್ನು ಓದುವಾಗ ಮಾತ್ರ ಯಾವ ಸೀಮೆಯವನಾದರೂ ಬರೆದ ಅಕ್ಷರಕ್ಕೆ ನಿಷ್ಠನಾಗಿರಬೇಕು.

ಕಂಠದಾನದಲ್ಲಿ ವರ್ಣಮಾಲೆಯ ಜ್ಞಾನಕ್ಕೆ ಇನ್ನೊಂದು ಪ್ರಯೋಜನವುಂಟು. ವ್ಯಾಕರಣವು ಹೊಟ್ಟೆಗೆ ಹಿಟ್ಟಾಗದೆನ್ನುವವರು ಇದನ್ನು ಗಮನಿಸತಕ್ಕದ್ದು. ತೆರೆಯ ಮೇಲಿನ ನಟನ ತುಟಿಗಳು ಮುಚ್ಚಿದ ಕ್ಷಣದಲ್ಲಿ ಕನ್ನಡದ ಮಾತಿನಲ್ಲಿಯೂ ಪವರ್ಗದ ಅಕ್ಷರವೊಂದು ಬಿದ್ದರೆ ನೋಡುವವನಿಗೆ ಅನ್ಯಭಾಷೆಯ ನೆನಪಾಗದು. ಹಿಂದಿಯ 'ಮೈಂ' ಮುಚ್ಚಿದ ತುಟಿಗಳಿಂದ ತೊಡಗುತ್ತದೆ. ಕನ್ನಡದ 'ನಾನು' ಎಂಬಲ್ಲಿ ತುಟಿಗಳು ಸೇರುವುದೇ ಇಲ್ಲ. ಬಲ್ಲ ಅನುವಾದಕನು ಅಲ್ಲಿ ಪದವನ್ನೇ ಹೊರಳಿಸಿ, ಪವರ್ಗದ ಅಕ್ಷರವುಳ್ಳ ಮತ್ತೊಂದು ಮಾತನ್ನು ಮುಂದಿಡುತ್ತಾನೆ. ಯಾವ ವರ್ಣವು ಎಲ್ಲಿ ಹುಟ್ಟುತ್ತದೆಂಬುದನ್ನು ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯವೆಂದು ಬಾಯಿಪಾಠ ಮಾಡಿದವನಿಗೆ ಈ ಲೆಕ್ಕ ಬೆರಳ ತುದಿಯಲ್ಲಿರುತ್ತದೆ.

ಈ ಕೆಲಸವು ಕನ್ನಡದಲ್ಲಿ ತಡವಾಗಿ ಬೆಳೆದುದಕ್ಕೆ ಚಾರಿತ್ರಿಕ ಕಾರಣವಿದೆ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರೇ ಮೊದಲಾದವರ ಮುಂದಾಳುತನದಲ್ಲಿ ಡಬ್ಬಿಂಗ್ ಚಿತ್ರಗಳ ವಿರುದ್ಧ ಚಳವಳಿ ನಡೆಯಿತು. ಅಂದಿನ ಕನ್ನಡ ಚಿತ್ರರಂಗದ ಬಡತನವನ್ನು ನೆನೆದರೆ ಅದರ ಔಚಿತ್ಯವನ್ನು ಅಲ್ಲಗಳೆಯಲಾಗದು. ಕಾಲಾಂತರದಲ್ಲಿ ಅದು ಅಲಿಖಿತ ನಿಷೇಧವಾಗಿ ದಶಕಗಳ ಕಾಲ ನಿಂತಿತು. ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಅಂಥ ತಡೆಯು ಕಾನೂನಿಗೆ ವಿರುದ್ಧವೆಂದು ತೀರ್ಮಾನಿಸಿತು. 2017ರಲ್ಲಿ 'ಎನ್ನೈ ಅರಿಂದಾಲ್' ಎಂಬ ತಮಿಳು ಚಿತ್ರವು 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಿಂದ ಕನ್ನಡದ ಮಾತನ್ನು ತೊಟ್ಟು ಬಂದಿತು. 2020ರ ಲಾಕ್‌ಡೌನ್ ಕಾಲದಲ್ಲಂತೂ, ಹಿಂದಿಯಲ್ಲಿ 2013ರಲ್ಲಿ ಆರಂಭವಾಗಿದ್ದ 'ಮಹಾಭಾರತ' ಧಾರಾವಾಹಿಯು ಕನ್ನಡದ ಕಂಠಗಳೊಡನೆ ಪ್ರಸಾರವಾಗಿ, ಗ್ರಾಂಥಿಕ ಕನ್ನಡವು ಮನೆಮನೆಯ ಪಡಸಾಲೆಯಲ್ಲಿ ಕೇಳುವಂತಾಯಿತು. 'ಪಿತಾಮಹ', 'ಧರ್ಮರಾಯ', 'ಪ್ರತಿಜ್ಞೆ' ಮುಂತಾದ ಪದಗಳನ್ನು ಚಿಕ್ಕ ಮಕ್ಕಳು ಆಟದಲ್ಲಿ ಬಳಸತೊಡಗಿದರೆ ಅದನ್ನು ಲಾಭವೆಂದೇ ಎಣಿಸಬೇಕು. ಡಬ್ಬಿಂಗ್ ಬೇಕೇ ಬೇಡವೇ ಎಂಬ ವಾದದ ಕಾಲ ಮುಗಿಯಿತು. ಅದನ್ನು ಯಾರ ಬಾಯಿಂದ, ಎಂಥ ಕನ್ನಡದಲ್ಲಿ ಮಾಡಿಸಬೇಕೆಂಬುದೇ ಉಳಿದಿರುವ ಪ್ರಶ್ನೆ.

ಹಿಂದೆ ಇಂಥ ಬಾಯಿಗಳು ಎಲ್ಲಿ ಸಿದ್ಧವಾಗುತ್ತಿದ್ದವು? ನಾಟಕ ಕಂಪನಿಗಳಲ್ಲಿ. ಡಾ. ರಾಜ್‌ಕುಮಾರ್ ಅವರು ಶಾಲೆಯಲ್ಲಿ ಓದಿದ್ದು ಸ್ವಲ್ಪ. ಗುಬ್ಬಿ ವೀರಣ್ಣನವರ ಕಂಪನಿಯ ರಂಗಮಂಚವೇ ಅವರಿಗೆ ವಿದ್ಯಾಪೀಠವಾಯಿತು. 1977ರ 'ಬಬ್ರುವಾಹನ' ಚಿತ್ರದಲ್ಲಿ ಅವರು ನುಡಿದ ಸಂಭಾಷಣೆಗಳನ್ನು ಇಂದಿಗೂ ಉಚ್ಚಾರಣೆಯ ಮಾದರಿಯೆಂದು ಕೇಳಬಹುದು. ಗಮಕಿಗಳ ಮನೆಗಳಲ್ಲಿಯೂ ಆ ಶಿಕ್ಷಣ ನಡೆಯುತ್ತಿತ್ತು. ಷಟ್ಪದಿಯ ಸಂಧಿಗಳನ್ನು ರಾಗ ಮುರಿಯದಂತೆ ಬಿಡಿಸಿ ಅರ್ಥ ತೋರಿಸುವ ಗಮಕಿಯು ಪದಚ್ಛೇದದ ಆಚಾರ್ಯನೇ ಸರಿ. ಶಿವಮೊಗ್ಗ ಜಿಲ್ಲೆಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಎಷ್ಟೋ ಮಂದಿಗೆ ಗಮಕವೆಂಬ ಕಲೆಯ ಹೆಸರೇ ಹೊಸದಾಗಿ ಕೇಳಿಸಿತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಮೂರನೆಯದು ಬಾನುಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ಪ್ರಸಾರಕೇಂದ್ರಕ್ಕೆ ಇಟ್ಟ 'ಆಕಾಶವಾಣಿ'ಯೆಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. 1950ರಲ್ಲಿ ಧಾರವಾಡದಲ್ಲಿಯೂ 1955ರಲ್ಲಿ ಬೆಂಗಳೂರಿನಲ್ಲಿಯೂ ಕೇಂದ್ರಗಳು ತೆರೆದವು. ಒಂದು ತಲೆಮಾರಿನ ಕನ್ನಡಿಗರು ವಾರ್ತೆಯ ಜೊತೆಗೆ ಉಚ್ಚಾರಣೆಯನ್ನೂ ಆ ಪೆಟ್ಟಿಗೆಯಿಂದಲೇ ಕಲಿತರು. ಈ ಮೂರು ನೆಲೆಗಳೂ ಇಂದು ಕ್ಷೀಣಿಸಿವೆ. ಉಳಿದಿರುವುದು ಶಾಲೆಯೊಂದೇ.

ಈಗ ಇನ್ನೊಬ್ಬ ಶಿಷ್ಯನೂ ಬಂದು ಕುಳಿತಿದ್ದಾನೆ: ಯಂತ್ರ. ಕೇಂದ್ರ ಸರ್ಕಾರದ 'ಭಾಷಿಣಿ' ಯೋಜನೆಯು 2022ರಿಂದ ಭಾರತೀಯ ಭಾಷೆಗಳಲ್ಲಿ ಗಣಕಯಂತ್ರವು ಕೇಳುವಂತೆಯೂ ನುಡಿಯುವಂತೆಯೂ ಮಾಡುವ ಕೆಲಸದಲ್ಲಿ ತೊಡಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಓದನ್ನು ಇದಕ್ಕಾಗಿಯೇ ಮುದ್ರಿಸಿಕೊಂಡಿದ್ದಾರೆ. ಯಂತ್ರವು ಕಲಿಯುವ ಬಗೆ ಸರಳ. ಬರೆದ ಪಾಠವನ್ನೂ ಮನುಷ್ಯನ ಓದನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾವ ಅಕ್ಷರಕ್ಕೆ ಯಾವ ಧ್ವನಿಯೆಂಬುದನ್ನು ಅದು ಹೊಂದಿಸಿಕೊಳ್ಳುತ್ತದೆ. ಓದಿದವನು ಹಕ್ಕಿಯನ್ನು ಅಕ್ಕಿಯೆಂದಿದ್ದರೆ ಯಂತ್ರಕ್ಕೂ ಅದು ಅಕ್ಕಿಯೇ. ತಪ್ಪು ಕಲಿಸಿದ ಗುರುವಿಗೆ ಹಿಂದೆ ನಲವತ್ತು ಶಿಷ್ಯರಿದ್ದರು. ಈ ಶಿಷ್ಯನಾದರೋ ತಾನು ಕಲಿತದ್ದನ್ನು ಲಕ್ಷಾಂತರ ಕಿವಿಗಳಿಗೆ ಮುಟ್ಟಿಸುವವನು. ಯಂತ್ರ ಬಂದುದರಿಂದ ಒಳ್ಳೆಯ ಓದುಗರು ಬೇಡವಾದರೆಂಬ ವಾದಕ್ಕೆ ಆದ್ದರಿಂದ ಬಲವಿಲ್ಲ.

ವೃತ್ತಿಗೆ ಹೊರಟವರು ಕಾನೂನಿನ ಒಂದೆರಡು ಸಂಗತಿಗಳನ್ನು ತಿಳಿದಿರಲೇಬೇಕು. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಾದ ತಿದ್ದುಪಡಿಯು ಪ್ರದರ್ಶಕ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ನೈತಿಕ ಹಕ್ಕನ್ನೂ ಮನ್ನಿಸಿದೆ. ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಯಂತ್ರದಿಂದ ಅನುಕರಿಸುವುದರ ವಿರುದ್ಧ ಬಾಂಬೆ ಉಚ್ಚ ನ್ಯಾಯಾಲಯವು 2024ರ ಜುಲೈನಲ್ಲಿ ಮಧ್ಯಂತರ ಆದೇಶ ನೀಡಿತು. ಒಪ್ಪಂದಪತ್ರದಲ್ಲಿ ಧ್ವನಿಯನ್ನು ಯಂತ್ರಶಿಕ್ಷಣಕ್ಕೆ ಬಳಸುವ ಮಾತಿದೆಯೇ, ಇದ್ದರೆ ಅದಕ್ಕೆ ಬೇರೆ ಸಂಭಾವನೆಯುಂಟೇ ಎಂಬುದನ್ನು ಓದದೆ ಸಹಿ ಹಾಕುವವನು ನಿಜವಾಗಿಯೂ ಕಂಠವನ್ನು ದಾನ ಮಾಡಿದವನಾಗುತ್ತಾನೆ.

ಶಾಲೆಗಳಿಗೆ ಈ ಹೊರೆಯೇಕೆಂದು ಅಧ್ಯಾಪಕರು ಕೇಳಬಹುದು. ಪಠ್ಯ ಮುಗಿಸಲೇ ಕಾಲ ಸಾಲದು, ಪರೀಕ್ಷೆಯಲ್ಲಿ ವಾಚನಕ್ಕೆ ಅಂಕಗಳಿಲ್ಲ ಎಂಬ ಅವರ ದೂರು ನಿಜವಾದುದೇ. ಆದರೆ ಬೇಕಾಗಿರುವುದು ವಾರಕ್ಕೊಂದು ಅವಧಿ, ಒಂದು ಚಿಕ್ಕ ಕೋಣೆ. ದಾನಿಗಳು ಲಕ್ಷಗಟ್ಟಲೆ ವೆಚ್ಚದ ಸ್ಟುಡಿಯೋ ಕಟ್ಟಿಸಬೇಕಾಗಿಲ್ಲ. ಕಲ್ಲುಗೋಡೆಯ ದೊಡ್ಡ ಸಭಾಂಗಣಕ್ಕಿಂತ ಹಳೆಯ ಬಟ್ಟೆಬರೆಗಳನ್ನು ತುಂಬಿದ ಉಗ್ರಾಣವೇ ಮುದ್ರಣಕ್ಕೆ ಮೇಲು, ಏಕೆಂದರೆ ಬರಿಗೋಡೆಗಳು ಧ್ವನಿಯನ್ನು ಮರಳಿಸಿ ಮಾತಿಗೆ ಮಾರ್ದನಿಯ ಮಸುಕು ಕವಿಸುತ್ತವೆ. ಎದುರುಬದುರಿನ ಗೋಡೆಗಳಿಗೆ ಕಂಬಳಿಯನ್ನೋ ಅಜ್ಜಿಯರು ಹೊಲಿದ ದಪ್ಪ ಕೌದಿಯನ್ನೋ ತೂಗುಹಾಕಿದರೆ ಆ ಮಸುಕು ಬಹುಮಟ್ಟಿಗೆ ಕರಗುತ್ತದೆ. ಅಂಗಡಿಯಲ್ಲಿ ಮಾರುವ ಫೋಮಿನ ಹಲಗೆಗಳೂ ಮಾರ್ದನಿಯನ್ನೇ ತಡೆಯುವಂಥವು. ಹೊರಗಿನ ಬಸ್ಸಿನ ಸದ್ದನ್ನು ಅವು ತಡೆಯುತ್ತವೆಂದು ನಂಬಿ ಹಣ ಸುರಿಯಬಾರದು. ಅದಕ್ಕೆ ಮದ್ದು ದಪ್ಪ ಗೋಡೆ, ಬಿಗಿಯಾದ ಬಾಗಿಲು, ಇಲ್ಲವೆ ಬೆಳಗಿನ ಜಾವ. ಸಾಧಾರಣ ಮೈಕೊಂದು, ಕಿವಿ ಮುಚ್ಚುವ ಹೆಡ್‌ಫೋನೊಂದು, ಶಾಲೆಯಲ್ಲಿ ಈಗಾಗಲೇ ಇರುವ ಗಣಕಯಂತ್ರ, ಕುಡಿಯಲು ಒಂದು ತಂಬಿಗೆ ನೀರು ಇವಿಷ್ಟು ಸಾಕು. ನೀರನ್ನು ಏಕೆ ಹೇಳಬೇಕಾಯಿತೆಂದರೆ ಒಣಬಾಯಿಯ ಅಂಟುಸದ್ದು ಕಿವಿಗೆ ಕೇಳಿಸದಿದ್ದರೂ ಮೈಕಿಗೆ ಕೇಳಿಸುತ್ತದೆ. ಬಳೆಯ ಸದ್ದೂ, ಗಂಜಿ ಹಾಕಿದ ಅಂಗಿಯ ಸರಸರವೂ, ಹಸಿದ ಹೊಟ್ಟೆಯ ಗುಡುಗೂ ಹಾಗೆಯೇ.

ಮೊದಲ ತಿಂಗಳು ಮಕ್ಕಳಿಂದ ಕಥೆಯನ್ನಾಗಲಿ ಕವಿತೆಯನ್ನಾಗಲಿ ಓದಿಸತಕ್ಕದ್ದಲ್ಲ. ಹಕ್ಕಿ ಅಕ್ಕಿ, ಹಳ್ಳಿ ಹಲ್ಲಿ, ಕತೆ ಕತ್ತೆ ಎಂಬಂಥ ಐವತ್ತು ಜೋಡಿಗಳನ್ನು ಬರೆದು, ಒಬ್ಬನು ಓದುವುದು, ಉಳಿದವರು ಕಾಗದ ನೋಡದೆ ಹೆಡ್‌ಫೋನಿನಲ್ಲಿ ಕೇಳಿ ಯಾವುದನ್ನು ಕೇಳಿದೆವೆಂದು ಬರೆಯುವುದು. ಎರಡನೆಯ ತಿಂಗಳು ನಾಲ್ಕು ಸಾಲಿನ ಗದ್ಯ, ಕ್ರಿಯಾಪದದವರೆಗೆ ಉಸಿರು ಉಳಿಸಿಕೊಳ್ಳುವ ಅಭ್ಯಾಸ. ಮೂರನೆಯ ತಿಂಗಳಿಂದ, ಊರಿನಲ್ಲಿ ಕಣ್ಣು ಮಂಜಾಗಿ ಪತ್ರಿಕೆ ಓದಲಾಗದ ಹಿರಿಯರಿಗಾಗಿ ವಾರಕ್ಕೊಂದು ಲೇಖನವನ್ನು ಮುದ್ರಿಸಿ, ಮಕ್ಕಳೇ ಅವರವರ ಮನೆಗೆ ಒಯ್ದು ಕೇಳಿಸಬಹುದು. ಯಾವ ಪದ ತಿಳಿಯಲಿಲ್ಲವೆಂದು ಆ ಹಿರಿಯರು ಹೇಳಿದರೆ ಅದನ್ನು ಗುರುತು ಹಾಕಿಕೊಂಡು ಬಂದು ಮರುವಾರ ಮತ್ತೆ ಓದಬೇಕು.